ಕೊಟ್ಟಯ್ಯನ ಬಂಡೆ

ಹಿಮಾಲಯದಲ್ಲಿ ಧವಳೇಶ್ವರನ ಗುಡಿಗೆ ಏರುವ ದಾರಿಯಲ್ಲಿ, ಕಡಿದಾದ ಹಿಮದ ಇಳಿಜಾರಿನ ಈಚೆಗೆ, ಹತ್ತಾರು ಜನ ಮಲಗಬಹುದಾದ ಮರೆಯಿರುವ ಒಂದು ದೊಡ್ಡ ಬಂಡೆಯಿದೆ. ಕನ್ನಡದ ಗಂಧವೇ ಇಲ್ಲದ ಆ ಸೀಮೆಯ ಕುರಿಗಾಹಿಗಳೂ ಅದನ್ನು ಕೊಟ್ಟಯ್ಯನ ಬಂಡೆ ಎಂದೇ ಕರೆಯುತ್ತಾರೆ. ಅಲ್ಲಿ ಪವಾಡ ನಡೆಯಿತೆಂದು ಬಣ್ಣ ಕಟ್ಟಿ ಹೇಳುವವರಿದ್ದಾರೆ. ಅಂಥ ಮಾತಿಗೆ ನಾನು ಸೊಪ್ಪು ಹಾಕುವುದಿಲ್ಲ. ನಡೆದದ್ದೇ ಸಾಕಷ್ಟು ದೊಡ್ಡದು.

ಹಿಂದೆ ಒಮ್ಮೆ ವೈಶಾಖದಲ್ಲಿ, ಚಳಿಗಾಲವೆಲ್ಲ ಮುಚ್ಚಿದ್ದ ಗುಡಿಯ ಬಾಗಿಲು ತೆರೆಯಲು ಹೊರಟ ಗುರುಶಾಂತಯ್ಯನವರೆಂಬ ಜಂಗಮರ ಸಂಗಡ ಕಲ್ಯಾಣದ ಕಡೆಯ ಯಾತ್ರಿಕರ ತಂಡವೊಂದಿತ್ತಂತೆ. ರಾತ್ರಿ ಬಂಡೆಯ ಮರೆಯಲ್ಲಿ ತಂಗಿ, ಹಿಮ ಗಟ್ಟಿಯಾಗಿರುವ ನಸುಕಿನಲ್ಲೇ ಇಳಿಜಾರು ದಾಟುವುದು ರೂಢಿ. ಆ ರಾತ್ರಿ ಮಳೆ ಬಿತ್ತು. ಹಿಂದೆ ದಾಟಿ ಬಂದಿದ್ದ ಹಳ್ಳದ ಸೇತುವೆ ಕೊಚ್ಚಿಹೋಗಿ ಮರಳುವ ದಾರಿ ಇಲ್ಲವಾಯಿತು. ಬೆಳಗಾದರೂ ಹಿಮ ಹೆಪ್ಪುಗಟ್ಟಲಿಲ್ಲ. ಕಾಲಿಟ್ಟರೆ ಮೊಣಕಾಲವರೆಗೆ ಹೂತುಹೋಗುತ್ತಿತ್ತು. ಬಿಸಿಲು ಬಿದ್ದರೆ ಇಳಿಜಾರಿಗೆ ಇಳಿಜಾರೇ ಜಾರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಹೊರಡುವ ಹೊತ್ತಿಗೆ ಶಿವಲಿಂಗವ್ವ ಎಂಬ ವಿಧವೆ ಎದೆ ಮುಟ್ಟಿ ನೋಡಿಕೊಂಡಳು. ಕೊರಳ ದಾರ ಹರಿದಿತ್ತು, ಇಷ್ಟಲಿಂಗವಿದ್ದ ಕರಡಿಗೆ ಇರಲಿಲ್ಲ. ಲಿಂಗ ಕಳೆದುಕೊಂಡವರು ಪ್ರಾಣವನ್ನೂ ಉಳಿಸಿಕೊಳ್ಳಬಾರದೆಂಬ ಕಟ್ಟುನಿಟ್ಟಿನ ಕಾಲವದು. ಸಿಗುವ ತನಕ ಏಳುವುದಿಲ್ಲವೆಂದು ಅವಳು ಅಲ್ಲೇ ಕುಳಿತಳು. ಅವಳನ್ನು ಬಿಟ್ಟುಹೋಗಲು ಮನಸ್ಸಾಗದೆ ಎಲ್ಲರೂ ಹಿಮ ಕೆದಕತೊಡಗಿದರು. ಕೈ ಮರಗಟ್ಟಿತು, ಕರಡಿಗೆ ಸಿಗಲಿಲ್ಲ. ಅಷ್ಟರಲ್ಲಿ ಮೋಡ ಒಡೆದು ಬಿಸಿಲು ಶಿಖರ ಮುಟ್ಟಿತು. ಮೇಲಿನಿಂದ ಹಿಮದ ಸಣ್ಣ ಉಂಡೆಗಳು ಉರುಳಿ ಬರತೊಡಗಿದವು. ಬಂಡೆಯ ನೆತ್ತಿಯ ಮೇಲೂ ಅದೇ ಹಿಮ ಕೂತಿತ್ತು. ನಿಂತರೂ ಅಪಾಯ, ನಡೆದರೂ ಅಪಾಯ. ಗುರುಶಾಂತಯ್ಯನವರು ತಮ್ಮ ಕೊರಳ ಲಿಂಗವನ್ನು ಬಿಚ್ಚಿ ಅವಳ ಕೊರಳಿಗೆ ಕಟ್ಟಿದರು.

“ನಿಂದು ನಾ ಹುಡುಕಿ ತರತೀನಿ, ತಂಗಿ. ಅಲ್ಲೀತನಕ ಇದು ನಿನ್ನ ಎದೀ ಮ್ಯಾಲಿರಲಿ.”

“ನಿಮ್ಮ ಗತಿ ಏನ್ರೀ, ಅಯ್ಯನೋರ?” ಎಂದಳು ಶಿವಲಿಂಗವ್ವ.

“ಅದು ಆಮ್ಯಾಲ. ಮೊದಲ ನೀ ಎದ್ದು ದಾಟು.”

ಉಸಿರು ಬಿಗಿಹಿಡಿದು, ಒಬ್ಬರ ಹಿಂದೊಬ್ಬರು ನಡೆದರು. ಕೊನೆಯವಳಾಗಿ ಶಿವಲಿಂಗವ್ವ ಆಚೆಯ ಕಲ್ಲು ಹಿಡಿದಾಗ ಬೆನ್ನ ಹಿಂದೆ ಬೆಟ್ಟ ಗುಡುಗಿತು. ಒದ್ದೆ ಹಿಮ ಕಲಸಿದ ಗಾರೆಯಂತೆ ಭಾರವಾಗಿ ಇಳಿದುಬಂದು ದಾರಿಯನ್ನೂ ಬಂಡೆಯ ಬುಡವನ್ನೂ ಮುಚ್ಚಿತು. ಅಲ್ಲೇ ಉಳಿದು ಬಗ್ಗಿ ಹುಡುಕುತ್ತಿದ್ದ ಅಯ್ಯನವರು ಮತ್ತೆ ಏಳಲಿಲ್ಲ. ಆ ಸಂಜೆ ಗುಡಿಯ ಜಗುಲಿಯಲ್ಲಿ ಚಳಿ ತಡೆಯದೆ ಅವಳು ಸುತ್ತಿಟ್ಟಿದ್ದ ಕಂಬಳಿ ಬಿಚ್ಚಿದಾಗ, ಅದರ ಹರಿದ ಅಂಚಿನಿಂದ ಕರಡಿಗೆ ಜಾರಿ ಮಡಿಲಿಗೆ ಬಿತ್ತು ಎನ್ನುತ್ತಾರೆ. ನೆಲವನ್ನೆಲ್ಲ ಕೆದಕಿದವರಲ್ಲಿ ಒಬ್ಬರೂ ಕಂಬಳಿ ಕೊಡವಿ ನೋಡಿರಲಿಲ್ಲ.

ಲಿಂಗ ಕೊಟ್ಟ ಅಯ್ಯನವರು ಜನರ ಬಾಯಲ್ಲಿ ಕೊಟ್ಟಯ್ಯನೆಂದೇ ಉಳಿದರು. ಇಂದಿಗೂ ಆ ದಾರಿಯಲ್ಲಿ ಹೋಗುವವರು ನಸುಕಿನಲ್ಲಿ ಇದನ್ನು ಕಾಣಬಹುದು: ಇಳಿಜಾರಿಗೆ ಕಾಲಿಡುವ ಮುಂಚೆ ಕುರಿಗಾಹಿಗಳು, ಹೊರೆಯಾಳುಗಳು, ಯಾತ್ರಿಕರು, ಯಾವ ಮತದವರೇ ಇರಲಿ, ಬಂಡೆಯ ಮುಂದೆ ನಿಂತು ತಮ್ಮ ತಮ್ಮ ಕಂಬಳಿಗಳನ್ನು ಕೊಡವುತ್ತಾರೆ. ಏನೂ ಬೀಳುವುದಿಲ್ಲ. ಆಮೇಲೆ ದಾಟುತ್ತಾರೆ.