ಮುಟ್ಟದೆ ತಿರುಗುವುದು

"ಗುರುಗಳೇ, ದಿನವಿಡೀ ದುಡಿದೂ ಸವೆಯದೆ ಉಳಿಯುವುದು ಸಾಧ್ಯವೇ?" ಎಂದು ಶಿಷ್ಯ ಕೇಳಿದ.

ಅವನು ಮಠದ ಶಾಲೆಯನ್ನೂ ಪ್ರಸಾದನಿಲಯವನ್ನೂ ನೋಡಿಕೊಳ್ಳುತ್ತಿದ್ದ. ಈಚೆಗೆ ಮಾತುಮಾತಿಗೂ ರೇಗುತ್ತಿದ್ದ. ರೇಗಿದ ಮೇಲೆ ತಾನೇ ನೊಂದುಕೊಳ್ಳುತ್ತಿದ್ದ.

ಗುರುಗಳು ಅವನನ್ನು ಎದುರಿಗೆ ಕುಳ್ಳಿರಿಸಿಕೊಂಡು ಈ ಕತೆ ಹೇಳಿದರು.

ಗುಡ್ಡದ ಬುಡದ ಊರೊಂದರಲ್ಲಿ ದಾವಲಸಾಬ ಎಂಬ ಮೆಕ್ಯಾನಿಕ್ ಇದ್ದ. ಡೀಸೆಲ್ ಎಂಜಿನ್ನುಗಳ ನಡುವೆಯೇ ಅವನ ಕೂದಲು ನರೆತಿತ್ತು. ಎಂಜಿನ್ ಎಂದರೆ ಅವನಿಗೆ ಸದ್ದು, ಕಾವು, ಎಣ್ಣೆ. ಒಂದಕ್ಕೊಂದು ಉಜ್ಜಿ ಸವೆಯುವ ನೂರೆಂಟು ತುಂಡುಗಳು. ಕರೆಂಟಿನ ಕಾರುಗಳನ್ನು ಕಂಡರೆ ನಗುತ್ತಿದ್ದ. "ಸದ್ದಿಲ್ಲ, ಹೊಗಿ ಇಲ್ಲ. ಅದರಾಗ ಜೀವ ಎಲ್ಲೈತಿ?" ಎನ್ನುತ್ತಿದ್ದ. ಗಿರಾಕಿಗಳು ಅವನ್ನೇ ತರತೊಡಗಿದಾಗ ನಗರಕ್ಕೆ ಹೋಗಿ ಅವುಗಳ ಕೆಲಸವನ್ನೂ ಕಲಿತು ಬಂದ. ಆದರೆ ಮೋಟಾರು ಬಿಚ್ಚುವ ಪ್ರಸಂಗ ಮಾತ್ರ ಬರಲೇ ಇಲ್ಲ. ಅದು ಕೆಡುತ್ತಲೇ ಇರಲಿಲ್ಲ.

ಅದೇ ಊರಿನಲ್ಲಿ ನೀಲಾಂಬಿಕೆ ಎಂಬ ವೈದ್ಯೆ ಇದ್ದರು. ಗುಡ್ಡದ ಮೇಲಿನ ತಾಂಡಾಗಳಿಗೆ ಕರೆಂಟಿನ ಕಾರಿನಲ್ಲಿ ಹೋಗಿಬರುತ್ತಿದ್ದರು. ವರ್ಷಗಟ್ಟಲೆ ಆ ಕಾರು ಅವರಿಂದ ಏನನ್ನೂ ಬೇಡಲಿಲ್ಲ. ಎಂಜಿನ್ ಆಯಿಲ್ ಬದಲಿಸುವ ಕೆಲಸವಿಲ್ಲ, ಟೈರಿಗೆ ಗಾಳಿ ಹಿಡಿಸಿದರೆ ಆಯಿತು. ಒಳಗೊಂದು ಮೋಟಾರು ಇದೆ ಎಂಬುದನ್ನೇ ವೈದ್ಯೆ ಮರೆತಿದ್ದರು.

ಒಂದು ಮಳೆಗಾಲದಲ್ಲಿ ತುಂಬಿದ ಹಳ್ಳವನ್ನು ದಾಟುವಾಗ ಕಾರಿನ ತಳ ಪೂರ್ತಿ ನೀರಿನಲ್ಲಿ ಮುಳುಗಿತು. ಆಮೇಲೆ ಒಳಗಿನಿಂದ ಸಣ್ಣದೊಂದು ಸದ್ದು ಬರತೊಡಗಿತು. ಕಾರು ಓಡುತ್ತಿತ್ತು, ವೈದ್ಯೆ ಕಿವಿಗೆ ಹಾಕಿಕೊಳ್ಳಲಿಲ್ಲ. ಬೇಸಿಗೆಯ ಹೊತ್ತಿಗೆ ಆ ಸದ್ದು ಗುರುಗುಟ್ಟುವಷ್ಟು ಬೆಳೆಯಿತು.

ಒಂದು ಬೆಳಿಗ್ಗೆ ತಾಂಡಾದಿಂದ ಕರೆ ಬಂತು. ಸೋನಾಬಾಯಿ ಎಂಬುವಳಿಗೆ ಹೆರಿಗೆ ನೋವು, ಮಗು ಅಡ್ಡ ತಿರುಗಿತ್ತು. ಆಂಬುಲೆನ್ಸ್ ಬೇರೆ ದಿಕ್ಕಿಗೆ ಹೋಗಿತ್ತು. ವೈದ್ಯೆ ಹೊರಟರು, ದಾರಿಯಲ್ಲಿ ದಾವಲಸಾಬನ ಅಂಗಡಿ ಮುಂದೆ ಕಾರು ನಿಲ್ಲಿಸಿದರು. ಅವನು ಚಕ್ರ ಎತ್ತಿ ತಿರುಗಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿಗೆ ಒತ್ತಿ ಹಿಡಿಕೆಗೆ ಕಿವಿಗೊಟ್ಟ. ವೈದ್ಯೆ ತಮ್ಮ ಸ್ಟೆತಸ್ಕೋಪ್ ಇಟ್ಟು ಆಲಿಸಿದರು. ಇಬ್ಬರಿಗೂ ಒಂದೇ ಕೇಳಿಸಿತು. ಒಳಗೆ ಏನೋ ಅರೆಯುತ್ತಿತ್ತು.

"ಹೋಗಿಬರುತ್ತಾ ದಾವಲಸಾಬ?"

"ಹೋಗೋದಂತೂ ಹೋಗ್ತೈತ್ರಿ ಮೇಡಂ. ತಿರುಗಿ ಬರೋದು ನಾ ಹೇಳಾಕಾಗಲ್ಲ," ಎಂದ ಅವನು, ಕೈ ಒರೆಸಿಕೊಂಡು ತಾನೂ ಕಾರು ಹತ್ತಿದ.

ಗುಡ್ಡವೇನೋ ಹತ್ತಿದರು. ಹೆಂಗಸರು ಸೋನಾಬಾಯಿಯನ್ನು ಹೊತ್ತು ತಂದು ಹಿಂದಿನ ಸೀಟಿನಲ್ಲಿ ಮಲಗಿಸಿದರು. ವೈದ್ಯೆ ಅವಳ ಪಕ್ಕದಲ್ಲಿ ಕುಳಿತರು. ಕಾರು ನಡೆಸುವ ಪಾಳಿ ದಾವಲಸಾಬನಿಗೆ ಬಂತು. ಇಳಿಜಾರಿನಲ್ಲಿ ಗುರುಗುಟ್ಟುತ್ತಿದ್ದುದು ಕಿರುಚತೊಡಗಿತು. ಸುಟ್ಟ ಗ್ರೀಸಿನ ವಾಸನೆ ಬಂತು. "ಜೋರಾಗಿ ಹೋಗು" ಎಂದರು ವೈದ್ಯೆ. ಅವನು ಹೋಗಲಿಲ್ಲ. ಜೋರಾದರೆ ಮೋಟಾರು ಕಾಯುತ್ತದೆ, ಕಾದರೆ ತಿರುಗದೆ ಹಿಡಿದುಕೊಳ್ಳುತ್ತದೆ ಎಂದು ಅವನಿಗೆ ಗೊತ್ತಿತ್ತು. ಹಿಂದೆ ಸೋನಾಬಾಯಿ ನರಳುತ್ತಿದ್ದಳು, ಕಾಲಡಿಯಲ್ಲಿ ಮೋಟಾರು ನರಳುತ್ತಿತ್ತು. ಅವನು ಎರಡಕ್ಕೂ ಸೇರಿಸಿ, "ಇನ್ನ ಸ್ವಲ್ಪ ತಡಕೋ ತಾಯಿ" ಎನ್ನುತ್ತ ಮೆಲ್ಲಗೆ ಇಳಿಸಿದ.

ಆಸ್ಪತ್ರೆ ತಲುಪಿದರು. ಶಸ್ತ್ರಚಿಕಿತ್ಸೆಯಾಯಿತು. ತಾಯಿ ಉಳಿದಳು, ಮಗುವೂ ಉಳಿಯಿತು.

ಮರುದಿನ ದಾವಲಸಾಬ ವೈದ್ಯೆಯ ಎದುರಿಗೇ ಮೋಟಾರು ಬಿಚ್ಚಿದ. ಒಳಗೆ ನೋಡಿ ಸ್ತಬ್ಧನಾದ. ಮಸಿ ಇಲ್ಲ, ಜಿಡ್ಡಿಲ್ಲ. ಸುತ್ತಲೂ ತಾಮ್ರದ ತಂತಿ ಸುತ್ತಿದ ಕಬ್ಬಿಣದ ಗೋಡೆ, ನಡುವೆ ತಿರುಗುವ ಒಂದೇ ಒಂದು ಉರುಳೆ. ಅದೇ ರೋಟರ್. ಗೋಡೆಗೂ ಅದಕ್ಕೂ ನಡುವೆ ತೆಳ್ಳನೆಯ ರಟ್ಟು ತೂರುವಷ್ಟು ಸಂದು. ಗುಡ್ಡ ಹತ್ತಿಸುವ ಬಲವೆಲ್ಲ ಆ ಸಂದನ್ನು ದಾಟಿ ಬರುತ್ತಿತ್ತು, ಒಂದು ಇನ್ನೊಂದನ್ನು ಮುಟ್ಟುತ್ತಿರಲಿಲ್ಲ. ಇಷ್ಟು ವರ್ಷ ತಿರುಗಿದ ರೋಟರಿನ ಮೈಮೇಲೆ ಒಂದು ಗೀರೂ ಇರಲಿಲ್ಲ.

ರೋಟರನ್ನು ನಡುವೆ ಹಿಡಿದು ನಿಲ್ಲಿಸಿದ್ದ ತುದಿಯ ಬೇರಿಂಗನ್ನು ಕಳಚಿದ. ಕಳಚಿದ್ದೇ ತಡ, ರೋಟರ್ ಪಕ್ಕಕ್ಕೆ ಜಗ್ಗಿ ಗೋಡೆಗೆ ಠಕ್ಕನೆ ಅಂಟಿಕೊಂಡಿತು. ಅದರೊಳಗಿನ ಅಯಸ್ಕಾಂತದ ಸೆಳೆತ ಅಂಥದು. ಅಕ್ಕಪಕ್ಕದ ಅಂಗಡಿಯವರು ಬಂದು ಕೈಹಚ್ಚಿದರೂ ಬಿಡಿಸಲು ಹೆಣಗಬೇಕಾಯಿತು.

ಆಗ ಅವನು ಅಂಗೈಯಲ್ಲಿದ್ದ ಬೇರಿಂಗನ್ನು ನೋಡಿದ. ಹಳ್ಳದ ನೀರು ಅದನ್ನು ತಡೆಯಬೇಕಾದ ರಬ್ಬರ್ ಸೀಲಿನ ಸಂದಿಯಿಂದ ನುಗ್ಗಿ ಅದನ್ನು ತಿಂದಿತ್ತು. ಗುಂಡುಗಳು ಹುಳುಕಾಗಿದ್ದವು, ಉಂಗುರ ಸೀಳಿತ್ತು, ಗ್ರೀಸು ಕರಿಕಾಗಿತ್ತು. ಅಷ್ಟಾದರೂ ಅದು ರೋಟರನ್ನು ಗೋಡೆಗೆ ತಾಗಲು ಬಿಟ್ಟಿರಲಿಲ್ಲ.

"ಇದನ್ನ ಮಾಡಿದವರು ಯಾರೋ ಏನೋ," ಎಂದ ದಾವಲಸಾಬ. ಅವನ ದನಿ ಇಳಿದಿತ್ತು. "ಈ ಗುಡ್ಡ ನೋಡಿಲ್ಲ, ಈ ಹಳ್ಳ ನೋಡಿಲ್ಲ. ಆದ್ರೂ ಬೇಕಾದದ್ದಕ್ಕಿಂತ ಗಟ್ಟಿ ಬೇರಿಂಗ್ ಇಟ್ಟಾರ. ಸೋನಾಬಾಯಿ ಬರ್ತಾಳಂತ ಅವರಿಗೆ ಹೆಂಗ ಗೊತ್ತಾತ್ರಿ ಮೇಡಂ?"

ವೈದ್ಯೆ ಆ ಬೇರಿಂಗನ್ನು ಕೈಗೆ ತೆಗೆದುಕೊಂಡರು. "ಮಳೆಗಾಲದಿಂದಲೂ ಇದು ಕೂಗಿ ಹೇಳುತ್ತಿತ್ತು. ಕಾರು ಓಡುತ್ತಿದೆಯಲ್ಲ ಎಂದು ನಾನು ಸುಮ್ಮನಿದ್ದೆ," ಎಂದರು.

ದಾವಲಸಾಬ ಹೊಸ ಬೇರಿಂಗ್ ಕೂರಿಸಿದ, ಹೊಸ ಸೀಲು ಹಾಕಿದ. ಕಾರು ಸದ್ದಿಲ್ಲದೆ ಅಂಗಳ ದಾಟಿ ಹೋಯಿತು. ಅದು ತಿರುವಿನಲ್ಲಿ ಮರೆಯಾಗುವವರೆಗೂ ಅವನು ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು.

"ತಿಳಿಯಿತು ಗುರುಗಳೇ. ಎಲ್ಲದರ ನಡುವೆ ಇದ್ದು, ಎಲ್ಲವನ್ನೂ ನಡೆಸುತ್ತ, ಯಾವುದನ್ನೂ ಮುಟ್ಟದವನು ಸವೆಯುವುದಿಲ್ಲ. ನಾನು ಆ ರೋಟರಿನಂತೆ ಇರಬೇಕು."

"ಇರು," ಎಂದರು ಗುರುಗಳು. "ನಿನ್ನ ಬೇರಿಂಗ್ ಯಾರು, ನೋಡಿಕೊಂಡಿದ್ದೀಯಾ?"

ಶಿಷ್ಯ ಎದ್ದು, ತಾನು ರೇಗಿದವರನ್ನು ಹುಡುಕಿಕೊಂಡು ಪ್ರಸಾದನಿಲಯದ ಕಡೆ ನಡೆದ.