ಪ್ರತಿ ಯಾರಿಗೆ?

ಶಾಲಾ ಮಕ್ಕಳ ಕುಡಿಯುವ ನೀರಿಗೆ ಯಾವ ಫಿಲ್ಟರ್ ಒಳ್ಳೆಯದೆಂದು ಸರ್ಕಾರಕ್ಕೆ ಸಲಹೆ ಕೊಡಬೇಕಾದವರು ವಿಜ್ಞಾನಿ ಡಾ. ಬಾಯರಿ. ಒಂದು ಫಿಲ್ಟರ್ ಕಂಪನಿಗೂ ಅವರೇ ಸಲಹೆಗಾರರು. ಅದು ಕಚೇರಿಗೆಲ್ಲ ಗೊತ್ತಿತ್ತು.

ಸಭೆಗೆ ಹತ್ತೇ ನಿಮಿಷ ಇರುವಾಗ ಅವರು ಗುಮಾಸ್ತೆ ದಾಕ್ಷಾಯಿಣಮ್ಮನ ಮೇಜಿನ ಮುಂದೆ ಗುಡುಗಿದರು.

"ಸಭೆಗೆ ಕೊಡೋಕೆ ಘೋಷಣೆ ಬೇಕು. ನನಗೆ ಯಾವ ಕಂಪನಿಯ ಜೊತೆಗೂ ಸಂಬಂಧವಿಲ್ಲ ಅಂತ ಟೈಪ್ ಮಾಡಿ. ಬೇಗ! ಇಲ್ಲದಿದ್ದರೆ ವರ್ಗ ಮಾಡಿಸ್ತೀನಿ."

ಆಕೆ ಟೈಪ್ ಮಾಡಿದರು. ಕೆಳಗೆ ಒಂದು ಸಾಲು ಸೇರಿಸಿದರು: "ಪ್ರತಿ: ಫಿಲ್ಟರ್ ಕಂಪನಿಯ ಮ್ಯಾನೇಜರರಿಗೆ, ಮಾಹಿತಿಗಾಗಿ."

"ಇದ್ಯಾಕೆ?"

"ಸಂಬಂಧ ಇಲ್ಲ ಅಂತ ಅವರಿಗೂ ತಿಳೀಲಿ ಸರ್. ಪಾಪ, ಗೊತ್ತಿಲ್ಲದೆ ತಿಂಗಳು ತಿಂಗಳು ನಿಮಗೆ ಸಂಭಾವನೆ ಕಳಿಸ್ತಿದ್ದಾರೆ."

ಸಹಿ ಹಾಕಲು ಎತ್ತಿದ್ದ ಬಾಯರಿಯವರ ಪೆನ್ನು ಅಲ್ಲೇ ನಿಂತಿತು. ಕಿವಿ ಕೆಂಪಾಯಿತು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಸರಿ ತಾಯಿ, ಏನು ಬರೀಲಿ?"

"ಇದ್ದದ್ದನ್ನೇ ಬರೀರಿ. ಫಿಲ್ಟರ್ ವಿಷಯ ಬಂದಾಗ ಹೊರಗೆ ಬಂದು ಕೂತ್ಕೊಳ್ಳಿ. ಕಾಫಿ ನಾನು ಕೊಡಿಸ್ತೀನಿ."

ಹಾಗೇ ಮಾಡಿದರು. ಎರಡನೇ ಕಾಫಿ ಮುಗಿಯುವಷ್ಟರಲ್ಲಿ ಒಳಗಿನಿಂದ ಸುದ್ದಿ ಬಂತು: ಬೇರೆ ಕಂಪನಿಯ ಫಿಲ್ಟರ್ ಆಯ್ಕೆಯಾಗಿತ್ತು.

"ಬೇಜಾರಾಯ್ತಾ ಸರ್?" ಎಂದು ದಾಕ್ಷಾಯಿಣಮ್ಮ ಮೆಲ್ಲಗೆ ಕೇಳಿದರು.

ಬಾಯರಿ ಅತ್ತಿತ್ತ ನೋಡಿ ದನಿ ತಗ್ಗಿಸಿದರು.

"ಇಲ್ಲಮ್ಮ. ಒಳ್ಳೇ ಫಿಲ್ಟರ್ ಅದು. ನಮ್ಮನೇಲೂ ಅದೇ ಇರೋದು."