ಹೆಸರಿಲ್ಲದ ದಪ್ಪಕ್ಷರ

ತಪ್ಪು ಸೋಮನಿಂಗನದು. ಯಾರ ಮಾತು ಎಂದು ಕೇಳದೆ ಅವನು ಅಚ್ಚು ಹಾಕಿದ.

ಹೊಳೆದಂಡೆಯಲ್ಲಿ ಬುಟ್ಟಿ ಹೆಣೆದು ಬದುಕುವ ಹನ್ನೊಂದು ಮನೆಗಳಿದ್ದವು. ಅವುಗಳ ಎದುರಿನ ಮರಕ್ಕೆ ಬೆಳಿಗ್ಗೆ ಯಾರೋ ಒಂದು ಹಾಳೆಯನ್ನು ಮೊಳೆ ಹೊಡೆದು ಹೋಗಿದ್ದರು: "ನಾಳೆಯೊಳಗೆ ಜಾಗ ಖಾಲಿ ಮಾಡಿ."

ಅದು ಆಶ್ರಮದ ಅಚ್ಚುಮನೆಯ ಕೆಲಸವೆಂದು ಅಕ್ಷರವೇ ಹೇಳುತ್ತಿತ್ತು. ಹಿಂದೆ ನಾಟಕದ ಜಾಹೀರಾತಿಗೆಂದು ಹಲಸಿನ ಮರದಲ್ಲಿ ಕೆತ್ತಿಸಿದ ಅಕ್ಷರಗಳು. ಒಂದೊಂದು ಗೆರೆಯೂ ತೊಲೆಯಂತೆ ದಪ್ಪ, ತುದಿಗೆ ಇಟ್ಟಿಗೆಯಂಥ ಚೌಕ ಪಾದ. ಆಚೆ ದಡದಿಂದಲೂ ಓದಬಹುದು.

ಆಶ್ರಮದ ಗುರು, ಅಚ್ಚುಮನೆ ನೋಡಿಕೊಳ್ಳುವ ಶಿಷ್ಯ ಸೋಮನಿಂಗನನ್ನು ಕರೆದರು.

"ಕೆಳಗೆ ಹೆಸರಿಲ್ಲವಲ್ಲ?"

"ಅಕ್ಷರ ದೊಡ್ಡವು, ಅಜ್ಜಯ್ಯ. ಹಾಳೆ ತುಂಬಿಹೋಯಿತು."

"ಜಾಗ ಇರಲಿಲ್ಲವೋ, ಬೇಡ ಎಂದರೋ?"

ಸೋಮನಿಂಗ ನೆಲ ನೋಡಿದ. "ಬೇಡ ಎಂದರು."

"ಯಾರು?"

"ಕಾರಿನಲ್ಲಿ ಬಂದಿದ್ದರು. ಬಿಳಿ ಅಂಗಿ."

"ಅಂಗಿಗೆ ಹೆಸರಿತ್ತೋ?"

"ಕೇಳಲಿಲ್ಲ. ಕೇಳಿದರೆ ಹೇಳುವವರ ಹಾಗೆ ಕಾಣಲಿಲ್ಲ, ಅಜ್ಜಯ್ಯ."

ಗುರು ಎದ್ದು ಅಚ್ಚುಮನೆಗೆ ಹೋದರು. ಅದೇ ಅಕ್ಷರಗಳನ್ನು ತಾವೇ ಜೋಡಿಸಿ, ಒಂದು ಹಾಳೆ ಒತ್ತಿ, ಅಡುಗೆಮನೆಯ ಬಾಗಿಲಿಗೆ ಅಂಟಿಸಿದರು.

"ಸೋಮನಿಂಗನಿಗೆ ಅನ್ನ ಹಾಕಬಾರದು."

ಮಧ್ಯಾಹ್ನ ಸೋಮನಿಂಗ ಪಂಕ್ತಿಯಲ್ಲಿ ಕುಳಿತ. ಅಡುಗೆಯ ರುದ್ರಕ್ಕ ಅವನ ತಟ್ಟೆ ದಾಟಿ ಮುಂದೆ ಹೋದಳು.

"ಅಕ್ಕಾ, ನನಗೆ?"

"ಬಾಗಿಲು ಓದಲಿಲ್ಲವೇನಪ್ಪ?"

ಅವನು ತಿರುಗಿ ಓದಿದ. "ಇದನ್ನು ಯಾರು ಅಂಟಿಸಿದರು?"

"ಯಾರಾದರೇನು? ಅಷ್ಟು ದಪ್ಪಕ್ಷರದಲ್ಲಿ ಸುಮ್ಮನೆ ಹಾಕ್ತಾರಾ? ಏನೋ ಮಾಡಿರ್ತೀಯ."

"ನಾನೇನು ಮಾಡಿದೆ?"

"ಅದು ನಿನಗೇ ಗೊತ್ತು."

ಪಕ್ಕದಲ್ಲಿ ಕುಳಿತಿದ್ದವನು ತನ್ನ ತಟ್ಟೆಯನ್ನು ಒಂದು ಗೇಣು ಆಚೆಗೆ ಎಳೆದುಕೊಂಡ.

ಸೋಮನಿಂಗ ಗುರುವಿನ ಬಳಿಗೆ ನುಗ್ಗಿದ. "ಎರಡು ವರ್ಷ ಜೊತೆಯಲ್ಲಿ ಉಂಡವರು, ಅಜ್ಜಯ್ಯ! ಯಾರು ಹೇಳಿದ್ದೆಂದು ಒಬ್ಬನೂ ಕೇಳಲಿಲ್ಲ!"

"ನಿನಗೆ ಹೋದದ್ದು ಒಂದು ಹೊತ್ತಿನ ಊಟ," ಎಂದರು ಗುರು.

ಸೋಮನಿಂಗ ಹೊಳೆಯ ಕಡೆಗೆ ಓಡಿದ. ಗುರು ಹಿಂದೆಯೇ ನಡೆದರು.

ದಂಡೆಯಲ್ಲಿ ಎರಡು ಗುಡಿಸಲುಗಳ ಮಾಡು ಆಗಲೇ ಇಳಿದಿತ್ತು. ಗಿಡ್ಡವ್ವ ಎಂಬ ಮುದುಕಿ ಬಿದಿರಿನ ಹೊರೆಗೆ ಹಗ್ಗ ಬಿಗಿಯುತ್ತಿದ್ದಳು.

"ಯಾಕವ್ವ ಹೊರಟೆ?" ಎಂದರು ಗುರು.

"ನೋಡಿ ಸ್ವಾಮಿ, ಎಷ್ಟು ದಪ್ಪಗೆ ಬರೆದಿದ್ದಾರೆ. ಸರ್ಕಾರದ್ದೇ ಇರಬೇಕು."

"ಸರ್ಕಾರ ಎಂದು ಅದರಲ್ಲಿದೆಯೋ?"

"ನಮಗೆ ಓದು ಬರಲ್ಲ. ಓದಿ ಹೇಳಿದವರೂ ಇದೆ ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ."

ಸೋಮನಿಂಗ ಹಾಳೆ ಹರಿಯಲು ಕೈ ಎತ್ತಿದ. ಗುರು ಆ ಕೈ ಹಿಡಿದರು.

"ಹರಿದರೆ ಆ ಬಿಳಿ ಅಂಗಿಯವನು ಇನ್ನೂ ದಪ್ಪದ್ದು ಮಾಡಿಸುತ್ತಾನೆ. ಇರಲಿ ಬಿಡು."

"ಮತ್ತೆ ಇವರು ಹೋಗಬೇಕೇ, ಅಜ್ಜಯ್ಯ?"

ಮನೆಗಳವರೆಲ್ಲ ಸುತ್ತ ನೆರೆದಿದ್ದರು. ಗುರು ಅವರ ಕಡೆ ತಿರುಗಿದರು.

"ಹೊರೆ ಇಳಿಸಿ. ಇದನ್ನು ಮಾಡಿಸಿದವನು ನಾಳೆ ಬರುತ್ತಾನೆ. ಈ ಮರದ ಕೆಳಗೆ ನಿಲ್ಲಿಸಿ, ಯಾರ ಮಾತು ಎಂದು ಕೇಳಿ. ಅವನು ಹೆಸರು ಬರೆದು ಕೊಡುವ ತನಕ ಒಂದು ಬುಟ್ಟಿಯನ್ನೂ ಎತ್ತಬೇಡಿ."